ಕೂಲಿಂಗ್ ಕಾಯಿಲಿನೊಳಗಿನ ಸೇವಂತಿಗೆ

ಬೇಲೂರಿನ ಕಲ್ಯಾಣ ಮಂಟಪವೊಂದರ ಮುಂದೆ, ಊಟ ಮುಗಿಸಿ ಎಲೆ ಅಡಿಕೆ ಮೆಲ್ಲುತ್ತ ನಿಂತಿದ್ದ ನೆಂಟರೆಲ್ಲರಿಗೂ ಕೇಳಿಸುವಂತೆ, ನನ್ನ ಹೆಂಡತಿಯ ತಮ್ಮ ನನ್ನನ್ನು ಒಂದು ಪ್ರಶ್ನೆ ಕೇಳಿದ. ನನ್ನ ಕಾರಿನ ಬಾಗಿಲನ್ನು ನನ್ನ ಅಪ್ಪಣೆಯಿಲ್ಲದೆ ತಾನೇ ತೆರೆದು, ಒಳಗೆ ತಲೆ ಹಾಕಿ, ಶಲ್ಯದ ಅಂಚನ್ನು ಮೂಗಿಗೆ ಅಡ್ಡ ಹಿಡಿದು, ತಲೆಯನ್ನು ಈಚೆಗೆ ತೆಗೆದ ಮೇಲೆ ಕೇಳಿದ ಪ್ರಶ್ನೆ ಅದು.

"ಏನ್ ಭಾವ, ಇದ್ರೊಳಗೆ ಎಮ್ಮೆ ಕಟ್ಟಿದ್ರಾ?"

ನಕ್ಕವರು ಯಾರು ಯಾರೆಂಬುದು ನನಗೆ ಈಗಲೂ ನೆನಪಿದೆ. ಅವರಲ್ಲಿ ಒಬ್ಬರು, ತಮ್ಮ ಮಗಳ ಚಿತ್ರಕಲಾ ಪರೀಕ್ಷೆಗೆಂದು ಇಡೀ ಒಂದು ಬೇಸಿಗೆ ನನ್ನ ಮನೆಯ ಜಗಲಿಯನ್ನು ತಮ್ಮದೆಂದೇ ಭಾವಿಸಿದ್ದವರು. ಇನ್ನೊಬ್ಬರು, ಅದೇ ಕಾರಿನಲ್ಲಿ, ಅದೇ ಸೀಟಿನಲ್ಲಿ, ಕಾಲು ಮುರಿದುಕೊಂಡ ದಿನ ಹಾಸನದ ಆಸ್ಪತ್ರೆಗೆ ನನ್ನೊಂದಿಗೇ ಹೋಗಿ ಬಂದವರು. ಅಂದು ಅವರಿಗೆ ಎಮ್ಮೆಯ ವಾಸನೆ ಬಂದಿರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಆತ ತನ್ನ ಅಕ್ಕನ ಕೈಯಲ್ಲಿದ್ದ ತಾಂಬೂಲದ ಚೀಲವನ್ನು ಇಸಿದುಕೊಂಡು, ತನ್ನ ಹೊಸ ಬಿಳಿಯ ಕಾರಿನ ಕಡೆಗೆ ನಡೆಯುತ್ತ, "ಅಕ್ಕ, ನೀನ್ ನನ್ ಗಾಡೀಲಿ ಕೂತ್ಕೊ. ಭಾವ ಎಮ್ಮೆ ಹೊಡ್ಕೊಂಡು ಹಿಂದ್ಗಡೆ ನಿಧಾನುಕ್ಕೆ ಬತ್ತಾರೆ" ಎಂದ. ನನ್ನ ಹೆಂಡತಿ ನನ್ನತ್ತ ಒಮ್ಮೆ ನೋಡಿ, ಆ ಕಾರನ್ನು ಹತ್ತಿದಳು. ಆಕೆಯನ್ನು ನಾನು ಅಂದೂ ತಪ್ಪೆಣಿಸಲಿಲ್ಲ, ಇಂದೂ ತಪ್ಪೆಣಿಸುವುದಿಲ್ಲ. ಆಕೆಗೆ ಉಬ್ಬಸವಿದೆ.

ಈ ಉಬ್ಬಸವೇ ಈ ಬರಹದ ಮೂಲವಾದ್ದರಿಂದ ಅದನ್ನು ಸ್ವಲ್ಪ ವಿವರಿಸಬೇಕು. ನಾವು ಇರುವುದು ಅರಸೀಕೆರೆಯಲ್ಲಿ. ನಾನು ಇಲ್ಲಿನ ಪ್ರೌಢಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ನನ್ನ ಹೆಂಡತಿಯ ತವರು ಹಳೇಬೀಡಿನ ಸಮೀಪದ ಮಾದಿಹಳ್ಳಿ. ಅಲ್ಲಿ ಆಕೆಯ ತಾಯಿ ಇದ್ದಾರೆ, ತುಂಬ ವಯಸ್ಸಾದವರು, ಮಗನ ಸಂಸಾರದ ನಡುವೆ ಚೆನ್ನಾಗಿಯೇ ಇದ್ದಾರೆ. ಆದರೂ ಮಗಳ ಮುಖ ನೋಡಬೇಕೆನಿಸಿದ ದಿನ ಫೋನು ಮಾಡಿ "ಯಾವಾಗ್ ಬತ್ತೀಯವ್ವಾ?" ಎಂದು ಕೇಳುತ್ತಾರೆ. ಜಾವಗಲ್ಲಿನ ಮೇಲೆ ಹಾದುಹೋಗುವ ಆ ರಸ್ತೆಯಲ್ಲಿ ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಎಸಿ ಹಾಕಿದರೆ ನಮ್ಮ ಕಾರಿನ ಆ ವಾಸನೆ. ಧೂಳಿಗೂ ವಾಸನೆಗೂ ಆಕೆಯ ಎದೆ ಒಂದೇ ರೀತಿಯಲ್ಲಿ ಕಟ್ಟಿಕೊಳ್ಳುತ್ತಿತ್ತು. ಬಸ್ಸಿನ ಮಾತೇ ಬೇಡ.

ಹೀಗಾಗಿ ಆಕೆಯ ತವರಿನ ದಾರಿ ತಮ್ಮನ ಕಾರಿನ ಪಾಲಾಯಿತು. ತಮ್ಮನಾದರೋ ಕೊಬ್ಬರಿ ವ್ಯಾಪಾರದವನು. ಅರಸೀಕೆರೆಯ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾಗುವ ದಿನ ಮಾತ್ರ ಈ ಕಡೆ ಬರುವವನು. ಹರಾಜು ಮುಗಿಸಿ, ಮಂಡಿಯಲ್ಲಿ ಹರಟಿ, ಯಾರದೋ ಅಂಗಡಿಯಲ್ಲಿ ಕಾಫಿ ಕುಡಿದು, ಆಮೇಲೆ ನಮ್ಮ ಬಾಗಿಲಲ್ಲಿ ಹಾರ್ನ್ ಒತ್ತುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಹಾರ್ನ್ ಒತ್ತುತ್ತಿದ್ದ. ನನ್ನ ಹೆಂಡತಿ ಬೆಳಗಿನಿಂದ ಸೀರೆಯುಟ್ಟು, ಚೀಲ ಕಟ್ಟಿಟ್ಟುಕೊಂಡು, ಹಾಲ್‌ನಲ್ಲಿ ಕೂತಿರುತ್ತಿದ್ದಳು. ವಾಪಸ್ಸು ಬರಬೇಕೆಂದರೆ ಮತ್ತೊಂದು ಹರಾಜಿನ ದಿನ ಬರಬೇಕು. ತಾಯಿಗೆ ಜ್ವರ ಬಂದದ್ದು ಒಮ್ಮೆ ಹರಾಜಿಲ್ಲದ ದಿನ. ಜ್ವರವೂ ಹರಾಜಿಗಾಗಿ ಕಾಯಿತು. ಆಕೆ ಹೋಗುವ ಹೊತ್ತಿಗೆ ಬಿಟ್ಟುಹೋಗಿತ್ತು, ಅದೊಂದು ಪುಣ್ಯ. ಆದರೆ ಕಾದ ಆ ದಿನಗಳಲ್ಲಿ ಆಕೆ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಇಡುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನನ್ನ ಹೆಂಡತಿ ತನಗೆ ಬೇಕಾದ ದಿನ ತನ್ನ ತಾಯಿಯನ್ನು ನೋಡಲು ನಮ್ಮದೇ ಕಾರಿನಲ್ಲಿ ಹೋಗಬೇಕು. ಬೇಲೂರಿನಿಂದ ಒಬ್ಬನೇ ಮರಳುವಾಗ ನಾನು ನಿಶ್ಚಯಿಸಿದ್ದು ಇಷ್ಟೇ.

ಎಸಿಯ ಈ ದುರವಸ್ಥೆಗೆ ಒಂದು ಪೂರ್ವೇತಿಹಾಸವೂ ಉಂಟು. ಕೆಲವು ವರ್ಷಗಳ ಹಿಂದೆ, ತಣ್ಣಗಾಗುವುದು ಸ್ವಲ್ಪ ಕಡಿಮೆಯಾಗಿದೆಯೆಂದು ನಾನು ಬಾಯಿ ತಪ್ಪಿ ಅಂದಾಗ, ಇದೇ ಭಾವಮೈದ ತನಗೆ ಪರಿಚಯದ ಗ್ಯಾರೇಜೊಂದನ್ನು ಸೂಚಿಸಿದ್ದ. "ಸುಮ್ನೆ ಬಿಡಿ ಭಾವ, ಹೊಸುದ್ರಂಗೆ ಮಾಡ್ಕೊಡ್ತಾರೆ" ಎಂದಿದ್ದ. ಅವರು ಹೊಸದರ ಹಾಗೆಯೇ ಮಾಡಿಕೊಟ್ಟರು. ಕಾರಿನ ಮೂತಿಯ ಹಿಂದೆ, ರೇಡಿಯೇಟರಿಗೂ ಮುಂದೆ, ಕಂಡೆನ್ಸರ್ ಎಂಬ ಅಗಲವಾದ ಜಾಲರಿಯಿರುತ್ತದೆ; ಒಳಗಿನಿಂದ ಹೊತ್ತು ತಂದ ಶಾಖವನ್ನು ಗಾಳಿಗೆ ಬಿಟ್ಟುಕೊಡುವುದು ಅದರ ಕೆಲಸ. ಕಾಗದದಷ್ಟು ತೆಳುವಾದ ಅಲ್ಯೂಮಿನಿಯಂ ಎಲೆಗಳ ನಡುವಿನಿಂದ ಗಾಳಿ ಹಾಯಬೇಕು. ಆ ಗ್ಯಾರೇಜಿನ ಮಹನೀಯರು ಅದಕ್ಕೆ ಬೆಳ್ಳಿಬಣ್ಣದ ಎಣ್ಣೆಪೇಂಟನ್ನು, ಮನೆಯ ಗೇಟಿಗೆ ಬಳಿಯುವ ಬ್ರಷ್ಷಿನಲ್ಲಿ, ಧಾರಾಳವಾಗಿ ಬಳಿದಿದ್ದರು. ಆಯುಧಪೂಜೆ ಹತ್ತಿರ ಬಂತೆಂದರೆ ನಮ್ಮ ಸೀಮೆಯಲ್ಲಿ ಪಂಪ್‌ಸೆಟ್ಟಿನಿಂದ ಹಿಡಿದು ತೂಕದ ಬಟ್ಟಿನವರೆಗೆ ಕಬ್ಬಿಣವೆಂಬ ಕಬ್ಬಿಣಕ್ಕೆಲ್ಲ ಎಣ್ಣೆಪೇಂಟು ಬಳಿಯುವ ಶ್ರದ್ಧೆಯೊಂದಿದೆ. ಆ ಶ್ರದ್ಧೆಗೆ ನನ್ನ ಕಂಡೆನ್ಸರ್ ಬಲಿಯಾಯಿತು. ಎಲೆಗಳೆಲ್ಲ ಅಂಟಿಕೊಂಡವು, ಗಾಳಿಯ ದಾರಿ ಮುಚ್ಚಿತು. ನಾನು ದೂರಿದಾಗ ಭಾವಮೈದ ಹೇಳಿದ್ದೇನು? "ಬಣ್ಣದ್ ವಿಷ್ಯ ನಿಮ್ಗೆ ಬುಟ್ರೆ ಯಾರಿಗ್ ಗೊತ್ತೈತೆ ಭಾವ? ನೀವೇ ನಿಂತು ಹೇಳ್ಬೇಕಿತ್ತು."

ಬಣ್ಣದ ಮೇಷ್ಟ್ರೆಂಬ ಈ ಕುಹಕ ಹಳೆಯದು. ನನ್ನ ಸಂಬಂಧ ಒಪ್ಪುವ ಮಾತುಕತೆಗೆ ನಾವು ಮಾದಿಹಳ್ಳಿಗೆ ಹೋಗಿದ್ದಾಗ, ಆಗಿನ್ನೂ ಮೀಸೆ ಚಿಗುರುತ್ತಿದ್ದ ಈತ, ಚಾಪೆಯ ತುದಿಯಲ್ಲಿ ಕೂತು, ಎಲ್ಲ ಹಿರಿಯರ ಎದುರಿಗೆ, "ಡ್ರಾಯಿಂಗ್ ಮೇಷ್ಟ್ರು ಅಂದ್ರೆ ಮೇಷ್ಟ್ರೇನಾ?" ಎಂದು ಕೇಳಿದ್ದ. ಅವನ ತಂದೆ ಗದರಿದರು. ತಾಯಿ ಒಳಗಿನಿಂದ ಬಂದು ನನ್ನ ಲೋಟಕ್ಕೆ ಮತ್ತೆ ಹಾಲು ಬಗ್ಗಿಸಿ, ತುಂಬ ಮೆಲ್ಲಗೆ "ಕುಡೀರಿ" ಎಂದರು. ಇವೆರಡನ್ನೂ ನಾನು ಮರೆತಿಲ್ಲ.

ಕಾರಿನ ಎಸಿಯನ್ನು ಬಿಚ್ಚಬೇಕಾದರೆ ಮೊದಲು ಅದರೊಳಗಿನ ಗ್ಯಾಸನ್ನು ಯಂತ್ರದಿಂದ ಹೊರಗೆಳೆಸಬೇಕು. ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಬಿ.ಎಚ್. ರಸ್ತೆಯ ಬದಿಯ ಎಸಿ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವನು ಕಾರಿನ ಸುತ್ತ ಒಂದು ಸುತ್ತು ಬಂದು, ಚಕ್ರವನ್ನು ಕಾಲಿನಿಂದ ಒದ್ದು ನೋಡಿದ. ಎಸಿಗೂ ಚಕ್ರಕ್ಕೂ ಏನು ನಂಟೆಂದು ನಾನು ಕೇಳಲಿಲ್ಲ.

"ಸಾರ್, ಇದನ್ನ ಗುಜರಿಗೆ ಹಾಕ್ಬಿಡಿ. ಇದಕ್ಕೆ ಯಾರ್ ಸಾರ್ ಕೈ ಹಾಕ್ತಾರೆ?"

"ನಾನು ಹಾಕುತ್ತೇನೆ. ನೀವು ಗ್ಯಾಸ್ ಮಾತ್ರ ತೆಗೆದುಕೊಡಿ."

"ನೀವಾ?" ಎಂದು ಅವನು ನನ್ನ ಬಿಳಿಯ ತಲೆಯಿಂದ ಚಪ್ಪಲಿಯವರೆಗೆ ಕಣ್ಣು ಹರಿಸಿದ. "ಸುಮ್ನೆ ಯಾಕ್ ಸಾರ್ ಒದ್ದಾಡ್ತೀರಾ? ಸೆಂಟ್ ಬಾಟ್ಲು ಐತೆ, ಮಲ್ಲಿಗೇದು. ಗಾಳಿ ಬರೋ ಕಿಂಡಿಗೆ ಸಿಗಿಸ್ಬುಡಿ. ವಾಸನೆಗೆ ವಾಸನೆ ಹೊಡ್ಕೊಂಡ್ ಹೋಗ್ತದೆ."

ಕೊಳೆತದ್ದರ ಮೇಲೆ ಮಲ್ಲಿಗೆ ಸುರಿದರೆ ಕೊಳೆತ ಮಲ್ಲಿಗೆಯಾಗುತ್ತದೆಯೇ ಹೊರತು ಮಲ್ಲಿಗೆಯಾಗುವುದಿಲ್ಲ ಎಂದು ನಾನು ಹೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಗ್ಯಾಸ್ ತೆಗೆದುಕೊಟ್ಟ. ಹೊರಡುವಾಗ ಬೆನ್ನ ಹಿಂದೆ ಯಾರಿಗೋ "ಮೇಷ್ಟ್ರು ರಿಟೈರ್ ಆದ್ರೂ ಪಾಠ ನಿಲ್ಸಿಲ್ಲ ಕಣೋ" ಎಂದದ್ದೂ ನನಗೆ ಕೇಳಿಸಿತು.

ಮನೆಯ ಮುಂದಿನ ಶೆಡ್ಡಿನಲ್ಲಿ ಹಳೆಯ ಜಮಖಾನ ಹಾಸಿ ಕೆಲಸ ಆರಂಭಿಸಿದೆ. ಬಿಚ್ಚಿದ ಪ್ರತಿಯೊಂದು ನಟ್ಟನ್ನೂ ಅದು ಇದ್ದ ಜಾಗದ ಚಿತ್ರ ಬರೆದ ರಟ್ಟಿನ ಮೇಲೆ ಸಿಕ್ಕಿಸಿಡುವುದು ನನ್ನ ಕ್ರಮ. ಗ್ಯಾರೇಜುಗಳಲ್ಲಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು, ಕೊನೆಗೆ ಉಳಿದದ್ದನ್ನು ಚರಂಡಿಗೆ ಎಸೆಯುವುದು ಕ್ರಮ. ಪೈಪುಗಳ ಬಾಯಿ ತೆರೆದೊಡನೆ ತೇವದ ಗಾಳಿ ಒಳಗೆ ಹೋಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದೆ. ಗ್ಯಾರೇಜಿನಲ್ಲಿ ಇದನ್ನೂ ಯಾರೂ ಮಾಡುವುದಿಲ್ಲ.

ಮೊದಲು ಕಂಡೆನ್ಸರ್ ಈಚೆಗೆ ಬಂತು. ಅಗಲವಾದ ತಗಡಿನ ತಟ್ಟೆಯೊಂದರಲ್ಲಿ ಥಿನ್ನರ್ ಸುರಿದು, ಅದರಲ್ಲಿ ಮಲಗಿಸಿ, ಎಣ್ಣೆಪೇಂಟು ಮೆತ್ತಗಾಗುವವರೆಗೆ ಬಿಟ್ಟೆ. ಹೆಂಡತಿಯನ್ನು ಆ ವಾಸನೆಯಿಂದ ದೂರವಿಡಲು ಮುಂದಿನ ಬಾಗಿಲು, ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದೆ. ಬಳಿದವರು ಗಳಿಗೆಯಲ್ಲಿ ಮುಗಿಸಿದ್ದನ್ನು ಬಿಡಿಸಲು ನನಗೆ ದಿನಗಳೇ ಬೇಕಾದವು. ಒಂದೊಂದು ಎಲೆಯ ಸಂದಿಗೂ ಮೆತ್ತನೆಯ ಕುಂಚ ಆಡಿಸಿ, ಸಿಪ್ಪೆಯಂತೆ ಎದ್ದ ಬಣ್ಣವನ್ನು ತೆಗೆಯಬೇಕು. ಬಲ ಹಾಕಿದರೆ ಎಲೆ ಮಡಚಿಕೊಳ್ಳುತ್ತದೆ. ಮಡಚಿಕೊಂಡವನ್ನು ನೆಟ್ಟಗೆ ಮಾಡಲು ಏನೇನೋ ಹುಡುಕಿ, ಕೊನೆಗೆ ಹೆಂಡತಿಯ ಪೆಟ್ಟಿಗೆಯಲ್ಲಿದ್ದ, ಹೇನು ತೆಗೆಯುವ ಹಳೆಯ ಮರದ ಬಾಚಣಿಗೆಯನ್ನು ಕೇಳಿ ಪಡೆದೆ. ಅದರ ಹಲ್ಲುಗಳು ಆ ಎಲೆಗಳ ನಡುವೆ ಹೇಳಿ ಮಾಡಿಸಿದಂತೆ ಕೂತವು.

ಥಿನ್ನರಿನ ವಾಸನೆ ಹೋದ ಮೇಲೆ ಹೆಂಡತಿ ಅಡುಗೆಮನೆಯ ಕಿಟಕಿ ತೆರೆದು ನೋಡುತ್ತಿದ್ದಳು.

"ಏನ್ರೀ, ಅದಕ್ಕೂ ಹೇನಾಗಿದ್ಯಾ?"

"ನಿನ್ನ ತಮ್ಮನ ಗ್ಯಾರೇಜಿನವರು ಬಿಟ್ಟ ಹೇನು ಇದು."

"ಅವನ ಹೆಸರು ಎತ್ತದೆ ಒಂದು ನಟ್ಟು ಬಿಚ್ಚಕ್ಕಾಗಲ್ವೇನ್ರೀ ನಿಮಗೆ?"

ಆ ಪ್ರಶ್ನೆಯ ಉತ್ತರ ಇನ್ನೂ ಡ್ಯಾಶ್‌ಬೋರ್ಡಿನ ಕೆಳಗಿತ್ತು.

ಅಲ್ಲಿರುವುದು ಕೂಲಿಂಗ್ ಕಾಯಿಲ್. ಕಾರಿನೊಳಗಿನ ಗಾಳಿ ತಣ್ಣಗಾಗುವುದು ಅದರ ಮೈಮೇಲೆ ಹಾದು. ಮೈಯೆಲ್ಲ ಸದಾ ಬೆವರಿನಂತೆ ನೀರು ಒಸರುತ್ತಿರುತ್ತದೆ. ಆ ನೀರು ತಳದ ಸಣ್ಣ ಕೊಳವೆಯಿಂದ ರಸ್ತೆಗೆ ತೊಟ್ಟಿಕ್ಕಬೇಕು. ನಮ್ಮ ಕಾರಿನಲ್ಲಿ ಅದು ರಸ್ತೆಗೆ ತೊಟ್ಟಿಕ್ಕದೆ, ಮುಂದಿನ ಸೀಟಿನಲ್ಲಿ ಕೂತವರ ಕಾಲಿನ ಕೆಳಗಿನ ಹಾಸನ್ನು ನೆನೆಸುತ್ತಿತ್ತು. ಭಾವಮೈದ ಇದಕ್ಕೂ ಒಂದು ಮಾತು ಆಡಿದ್ದ. ಗದ್ದೆಗೆ ನೀರು ಬಿಟ್ಟಿದ್ದೀರಾ, ನಾಟಿ ಯಾವಾಗ, ಎಂದು. ಇರಲಿ. ಇಂದಿನ ಕಾರುಗಳಲ್ಲಿ ಹೊರಗಿನ ಗಾಳಿ ಈ ಕಾಯಿಲಿಗೆ ಮುಟ್ಟುವ ಮೊದಲು ಅದನ್ನು ಸೋಸಲು ಫಿಲ್ಟರ್ ಇರುತ್ತದೆ. ನಮ್ಮದು ಅದಕ್ಕಿಂತ ಹಿಂದಿನ ಕಾಲದ್ದು. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಅಂಚಿನಡಿ, ಸಾಲಾಗಿ ಸೀಳುಗಳಿರುವ ಒಂದು ಪಟ್ಟಿಯಿದೆ. ಅಲ್ಲಿಂದ ಏನು ಬಿದ್ದರೂ ನೇರವಾಗಿ ಗಾಳಿಯೂದುವ ಬ್ಲೋವರಿಗೆ, ಬ್ಲೋವರಿನಿಂದ ಕಾಯಿಲಿಗೆ.

ಕಾಯಿಲನ್ನು ಕೂರಿಸಿದ ಪ್ಲಾಸ್ಟಿಕ್ ಡಬ್ಬಿಯ ಎರಡು ಹೋಳುಗಳನ್ನು ಬೇರ್ಪಡಿಸಿದಾಗ ಬಂದ ವಾಸನೆಯನ್ನು ನಾನು ವರ್ಣಿಸುವುದಿಲ್ಲ. ಎಮ್ಮೆ ಅದಕ್ಕಿಂತ ಎಷ್ಟೋ ಶುಚಿಯಾದ ಪ್ರಾಣಿ.

ಕಾಯಿಲಿನ ಮೈಗೆ ಒಂದು ಕಪ್ಪು ಕಂಬಳಿ ಹೊದಿಸಿದಂತಿತ್ತು. ಚಿಮಟದಿಂದ ಅದರ ಒಂದು ಮೂಲೆಯನ್ನು ಎತ್ತಿ, ನೀರಿನ ಬಟ್ಟಲಲ್ಲಿ ಅದ್ದಿ ಬಿಡಿಸಿದೆ. ನಾನು ವರ್ಷಗಟ್ಟಲೆ ಮಕ್ಕಳಿಗೆ ಹೂವಿನ ಚಿತ್ರ ತಿದ್ದಿಕೊಟ್ಟವನು. ದಳ ಎಷ್ಟೇ ಕೊಳೆತಿರಲಿ, ಸೇವಂತಿಗೆಯನ್ನು ಗುರುತಿಸಬಲ್ಲೆ. ಸೇವಂತಿಗೆಯ ಮೇಲೆ ಸೇವಂತಿಗೆ, ಪದರದ ಮೇಲೆ ಪದರ. ನಡುನಡುವೆ ಚೆಂಡುಹೂವು. ತಳದಲ್ಲಿ ಕೆಂಪು ಕೆಸರು, ಅದು ಕುಂಕುಮ. ಆ ಕೆಸರಿನಲ್ಲಿ ಊದಿಕೊಂಡು ಕಪ್ಪಾದ ಅಕ್ಕಿಕಾಳುಗಳು, ಅವು ಅಕ್ಷತೆ. ಇದೆಲ್ಲ ಸೇರಿ ನೀರಿನ ಕೊಳವೆಯ ಬಾಯಿಗೆ ಬಿರಡೆ ಜಡಿದಂತೆ ಕೂತಿತ್ತು.

ಅಷ್ಟು ನಿರ್ಮಲವಾದ ಆನಂದವನ್ನು ನಾನು ನಿವೃತ್ತನಾದ ಮೇಲೆ ಅನುಭವಿಸಿರಲಿಲ್ಲ.

ಏಕೆಂದರೆ ಪ್ರತಿ ವರ್ಷ ಆಯುಧಪೂಜೆಯ ದಿನ ಮನೆತನದ ಬಂಡಿಗಳೆಲ್ಲ ಮಾದಿಹಳ್ಳಿಯ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕೆಂಬುದು ಭಾವಮೈದನ ಕಟ್ಟಪ್ಪಣೆ. ಟ್ರ್ಯಾಕ್ಟರು, ಟೆಂಪೋ, ಬೈಕುಗಳು, ಅವನ ಕಾರು, ಕೊನೆಯಲ್ಲಿ, ಯಾವಾಗಲೂ ಕೊನೆಯಲ್ಲಿ, ನನ್ನ ಕಾರು. ಪೂಜೆ ಮಾಡುವವನು ಅವನೇ. ಸೇವಂತಿಗೆಯ ಹಾರ ಹಾಕುವವನೂ, ಕುಂಕುಮ ಎರಚುವವನೂ, ಹಿಡಿಹಿಡಿಯಾಗಿ ಅಕ್ಷತೆ ತೂರುವವನೂ, ಕುಂಬಳಕಾಯಿ ಒಡೆಯುವವನೂ ಅವನೇ. ತಾನೇ ಹಾಕಿದ್ದು ಕೊಳೆತು ನಾರಿದಾಗ ಮೂಗಿಗೆ ಶಲ್ಯ ಹಿಡಿದವನೂ ಅವನೇ! ಸಾಕ್ಷ್ಯವನ್ನು ಚೆಲ್ಲುವುದುಂಟೆ? ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಯೊಂದನ್ನು ತೊಳೆದು, ಆ ಕಪ್ಪು ಕಂಬಳಿಯ ಒಂದು ಭಾಗವನ್ನು ಅಕ್ಷತೆ, ಕುಂಕುಮಗಳ ಸಮೇತ ಅದರಲ್ಲಿ ತುಂಬಿ, ಮುಚ್ಚಳ ಬಿಗಿದು, ಅಟ್ಟದ ಮೇಲಿಟ್ಟೆ.

ಕಾಯಿಲನ್ನು ತೊಳೆಯಲು ಪೇಟೆಯಲ್ಲಿ ಏನೇನೋ ತೀಕ್ಷ್ಣವಾದ ದ್ರಾವಣಗಳು ಸಿಗುತ್ತವೆ. ಅವು ಕೊಳೆಯನ್ನೂ ತಿನ್ನುತ್ತವೆ, ಅಲ್ಯೂಮಿನಿಯಂ ಅನ್ನೂ ತಿನ್ನುತ್ತವೆ, ಆಮೇಲೆ ಅವುಗಳದೇ ಘಾಟು ನನ್ನ ಹೆಂಡತಿಯ ಎದೆಯನ್ನು ತಿನ್ನುತ್ತದೆ. ಆಕೆ ರೇಷ್ಮೆ ಸೀರೆಗಳನ್ನು ಒಗೆಯುವುದು ಅಂಟುವಾಳದ ನೀರಿನಲ್ಲಿ. ಅದನ್ನೇ ನೆನೆಸಿ, ಕಿವುಚಿ, ಸೋಸಿ, ನೊರೆ ಬರಿಸಿ, ಕಾಯಿಲನ್ನು ಅದರಲ್ಲಿ ಮುಳುಗಿಸಿದೆ. ತೆಗೆದು, ಕುಂಚದಿಂದ ಸವರಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮುಳುಗಿಸಿದೆ. ಒಣಗಿದ ಮೇಲೆ ಮೂಗಿನ ಹತ್ತಿರ ಹಿಡಿದರೆ ಮದುವೆ ಮನೆಯ ಸೀರೆಯ ಪೆಟ್ಟಿಗೆ ತೆರೆದ ಹಾಗಿತ್ತು. ಅದಕ್ಕೆ ಬಣ್ಣ ಹಚ್ಚಲಿಲ್ಲ. ಕೂಲಿಂಗ್ ಕಾಯಿಲಿಗೆ ಬಣ್ಣ ಹಚ್ಚಬಾರದು. ಎಲ್ಲಿ ಹಚ್ಚಬಾರದೆಂದು ತಿಳಿಯುವುದಕ್ಕೆ ಡ್ರಾಯಿಂಗ್ ಮೇಷ್ಟ್ರು ಬೇಕಾಗುತ್ತದೆ.

ಹಚ್ಚಬೇಕಾದದ್ದು ಬೇರೆ ಇತ್ತು. ಕಂಪ್ರೆಸರನ್ನು ಹಿಡಿದುಕೊಳ್ಳುವ ಕಬ್ಬಿಣದ ಹಿಡಿಕೆಗಳು, ಕಂಡೆನ್ಸರಿನ ಚೌಕಟ್ಟು, ಅದರ ಫ್ಯಾನಿನ ಬಳೆ, ಪೈಪುಗಳನ್ನು ಕಚ್ಚಿಹಿಡಿಯುವ ಪಟ್ಟಿಗಳು, ಎಲ್ಲವೂ ತುಕ್ಕು ಹಿಡಿದು ಹುರುಪೆಯೆದ್ದಿದ್ದವು. ಒರಟು ಉಪ್ಪುಕಾಗದದಿಂದ ಆರಂಭಿಸಿ ನಯವಾದದ್ದರವರೆಗೆ ತಿಕ್ಕಿ, ಲೋಹದ ಬಿಳುಪು ಕಂಡ ಮೇಲೆ ಬಟ್ಟೆಯಲ್ಲಿ ಒರೆಸಿ, ಕೈ ಬೆವರು ತಾಗದಂತೆ ತಂತಿಗೆ ನೇತುಹಾಕಿದೆ. ಮೊದಲು ಪ್ರೈಮರ್. ಅದು ಒಣಗಿದ ಮೇಲೆ ಹೊಳಪಿಲ್ಲದ ಕಪ್ಪು, ಗಟ್ಟಿಯಾದ ಒಂದೇ ಕೈಯಲ್ಲ, ತೆಳುವಾದ ಹಲವು ಕೈಗಳು. ಕಂಡೆನ್ಸರಿಗೆ ಮಾತ್ರ ಕಪ್ಪನ್ನು ಮಂಜು ಕೂತಂತೆ ದೂರದಿಂದ ಹಾಯಿಸಿದೆ. ಎಲೆಗಳ ಹಿಂದೆ ಕೈಯಿಟ್ಟು ನೋಡಿದರೆ ಬೆರಳು ಕಾಣಬೇಕು, ಕಾಣುತ್ತಿತ್ತು. ಶೆಡ್ಡಿನ ತಂತಿಯ ಮೇಲೆ ಆ ಕಪ್ಪು ಭಾಗಗಳು ಸಾಲಾಗಿ ತೂಗುತ್ತಿದ್ದದ್ದನ್ನು ಕಂಡು ಎದುರುಮನೆಯಾತ "ಏನ್ ಮೇಷ್ಟ್ರೇ, ಹಪ್ಪಳ ಒಣಗಿಸ್ತಿದ್ದೀರಾ?" ಎಂದ. ಅವನ ಮನೆಯ ಕಾಂಪೌಂಡಿನ ಬಣ್ಣ ಬಳಿದ ವರ್ಷವೇ ಉದುರಿತ್ತು. ಅದನ್ನು ನಾನು ಅವನಿಗೆ ನೆನಪಿಸಿದೆ.

ಎಲ್ಲವನ್ನೂ ರಟ್ಟಿನ ಚಿತ್ರಗಳ ಪ್ರಕಾರ ಮರಳಿ ಕೂರಿಸಿದೆ. ಜೋಡಣೆಗಳಿಗೆ ಹೊಸ ರಬ್ಬರ್ ಉಂಗುರ ಹಾಕಿದೆ. ಒಂದು ನಟ್ಟೂ ಉಳಿಯಲಿಲ್ಲ. ಬಿ.ಎಚ್. ರಸ್ತೆಯ ಅಂಗಡಿಯವನು ಒಳಗಿನ ಗಾಳಿಯನ್ನೆಲ್ಲ ಎಳೆದು, ಎಲ್ಲಿಯೂ ಸೋರದಿರುವುದನ್ನು ಮೀಟರಿನ ಮುಳ್ಳಿನಲ್ಲಿ ನೋಡಿ, ಗ್ಯಾಸ್ ತುಂಬಿದ. ಎಸಿ ಹಾಕಿ ಕಿಂಡಿಯ ಮುಂದೆ ಅಂಗೈ ಹಿಡಿದವನು ತಕ್ಷಣ ತೆಗೆಯಲಿಲ್ಲ. "ಪರ್ವಾಗಿಲ್ವೇ" ಎಂದ. ಅದು ಹೊಗಳಿಕೆಯೆಂದು ಅವನು ತಿಳಿದಿದ್ದಾನೆ. ಮಲ್ಲಿಗೆಯ ಬಾಟಲಿಯನ್ನು ಮತ್ತೆ ತೋರಿಸದಿರುವಷ್ಟು ಸಭ್ಯತೆ ಅವನಿಗಿತ್ತು.

ಮಾರನೆಯ ದಿನ ಹರಾಜಿರಲಿಲ್ಲ. ನಾನು ಹೆಂಡತಿಗೆ "ಹೊರಡು, ಮಾದಿಹಳ್ಳಿಗೆ ಹೋಗಿಬರೋಣ" ಎಂದೆ.

ಆಕೆ ನಂಬಲಿಲ್ಲ. ಉಬ್ಬಸದ ಪಂಪನ್ನು ಚೀಲದಲ್ಲಿ ಅಲ್ಲ, ಕೈಯಲ್ಲೇ ಹಿಡಿದು ಕೂತಳು. ಕಿಟಕಿ ಏರಿಸಿದೆ. ಬಾಣಾವರ ದಾಟುವವರೆಗೂ ಉಸಿರನ್ನು ಪರೀಕ್ಷಿಸುವವಳಂತೆ ಸ್ವಲ್ಪ ಸ್ವಲ್ಪವೇ ಎಳೆದುಕೊಳ್ಳುತ್ತಿದ್ದಳು. ಜಾವಗಲ್ಲಿನ ಹತ್ತಿರ ಜಲ್ಲಿ ಲಾರಿಯೊಂದು ಮುಂದೆ ಸಿಕ್ಕಿ, ಗಾಜಿನಾಚೆ ಧೂಳಿನ ಗೋಡೆಯೇ ಎದ್ದಿತು. ನಾನು ಆಕೆಯತ್ತ ನೋಡಿದೆ. ತಲೆ ಒಂದು ಪಕ್ಕಕ್ಕೆ ವಾಲಿತ್ತು. ಪಂಪು ಮಡಿಲಿಗೆ ಜಾರಿತ್ತು. ನಿದ್ದೆ ಹೋಗಿದ್ದಳು.

ಭರಣಿ ಡಿಕ್ಕಿಯಲ್ಲಿತ್ತು.

ಭಾವಮೈದ ಜಗಲಿಯ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ನಮ್ಮನ್ನು ಕಂಡು ಫೋನು ಕೆಳಗಿಟ್ಟ. "ಏನಕ್ಕ, ಇವತ್ತು ಬಂದ್‌ಬುಟ್ಟಿದ್ದೀಯಾ! ಎಮ್ಮೆ ಮೇಲೆ?" ಎಂದು ನಕ್ಕು, ನನ್ನ ಕಡೆ ತಿರುಗಿ, "ಏನ್ ಭಾವ, ನೀವೇ ಬಣ್ಣ ಹೊಡುದ್ರಂತೆ? ಕಾರೊಳಗೆ ಸೀನರಿ ಗೀನರಿ ಬರ್ದಿದ್ದೀರೋ?" ಎಂದ.

ನಾನು ಡಿಕ್ಕಿ ತೆರೆದು, ಭರಣಿಯನ್ನು ತಂದು ಅವನ ಮುಂದೆ ಜಗಲಿಯ ಮೇಲಿಟ್ಟೆ. ಒಳಗಿನಿಂದ ಅವನ ಹೆಂಡತಿ ಬಂದು ನಿಂತಳು. ಗೋಡೆಗೊರಗಿ ಕೂತು ಹೂವು ಕಟ್ಟುತ್ತಿದ್ದ ಅತ್ತೆಯವರೂ ಕಣ್ಣು ಕಿರಿದು ಮಾಡಿ ನೋಡಿದರು.

"ಏನಿದು? ಗೊಬ್ರ?"

"ನಿನ್ನ ಎಮ್ಮೆ. ನನ್ನ ಕಾರಿನ ಎಸಿಯೊಳಗೆ ಸಿಕ್ಕಿತು. ಇದು ನಿನ್ನ ಅಕ್ಷತೆ, ಇದು ನಿನ್ನ ಕುಂಕುಮ. ಇದಿಷ್ಟೂ ಸೇವಂತಿಗೆ. ವರ್ಷ ವರ್ಷ ಪೂಜೆಯ ಹೆಸರಿನಲ್ಲಿ ಗಾಜಿನ ಬುಡದ ಸೀಳಿಗೆ ನೀನು ತುಂಬಿದ್ದು. ನಿನ್ನ ಅಕ್ಕ ಇಷ್ಟು ದಿನ ಉಸಿರಾಡಿದ್ದು ಇದನ್ನು."

ಅವನ ಮುಖದ ಬಣ್ಣ ಬದಲಾಯಿತು. ಅದನ್ನು ನೋಡುವುದಕ್ಕಾಗಿಯೇ ನಾನು ಅಷ್ಟು ದೂರ ಬಂದಿದ್ದೆ.

"ಅಯ್ಯೋ, ನಾನ್ ಯಾಕ್ ಹೂವ ತುರುಕ್ಲಿ ಭಾವ? ಬಾನೆಟ್ ಮ್ಯಾಲೆ ಒಂದ್ ಹಾರ ಹಾಕ್ತೀನಿ, ಅಷ್ಟೆಯ. ಆ ಸೀಳು ಎಲ್ಲೈತೆ ಅಂತ್ಲೇ ನಂಗೊತ್ತಿಲ್ಲ!"

"ಹಾಗಾದರೆ ಸೇವಂತಿಗೆ ತಾನೇ ನಡೆದುಕೊಂಡು ಹೋಯಿತೇ?"

"ಅವುನ್ ಮಾಡಿದ್ದಲ್ಲ." ಗೋಡೆಯ ಕಡೆಯಿಂದ ಅತ್ತೆಯವರ ದನಿ ಬಂತು. ಅವರು ಕಟ್ಟುತ್ತಿದ್ದ ಹೂವನ್ನು ಮಡಿಲಲ್ಲಿ ಬಿಟ್ಟಿದ್ದರು. "ಅದು ನಾನ್ ಮುಡಿಸಿದ್ದು ಕಣಪ್ಪಾ."

ನಾನು ಅವರತ್ತ ತಿರುಗಿದೆ.

"ನೀವು ಹಿಂದ್ಗಡೆ ಎಳನೀರು, ಕಾಯಿ ತುಂಬ್ತಿರ್ತೀರಲ್ಲ, ಆವಾಗ. ಮ್ಯಾಲಿಟ್ರೆ ಗಾಳಿಗೆ ಹಾರೋಯ್ತದೆ. ಮಗ್ಳು ಊರು ಸೇರೋವರ್ಗೂ ಹೂವ ಜೊತೇಲಿರ್ಲಿ ಅಂತ ಆ ಸಂದೀಗೆ ಸಿಗಿಸ್ತಿದ್ದೆ. ಹಬ್ಬ ಅಂತೇನಿಲ್ಲ, ಬಂದಾಗ್ಲೆಲ್ಲ. ಇವುನ್ ಗಾಡೀಗೆ ಮುಟ್ಟಕ್ ಬುಡಲ್ಲ, ಬಣ್ಣ ಕೆಟ್ಟೋಯ್ತದಂತೆ." ಆಮೇಲೆ ಮಗಳ ಕಡೆ ನೋಡಿ, ಇನ್ನೂ ಸಣ್ಣ ದನಿಯಲ್ಲಿ, "ಅದ್ರಿಂದ್ಲೇನವ್ವಾ ನಿಂಗೆ ದಮ್ಮು ಬಂದಿದ್ದು?" ಎಂದರು.

ನನ್ನ ಹೆಂಡತಿ ಭರಣಿಯನ್ನು ಎತ್ತಿಕೊಂಡು, ನನ್ನ ಮುಖವನ್ನು ನೋಡದೆ, ಹಿತ್ತಿಲಿಗೆ ನಡೆದಳು. ತೆಂಗಿನ ಬುಡಕ್ಕೆ ಅದನ್ನು ಸುರಿದ ಸದ್ದು ಕೇಳಿಸಿತು. ಭರಣಿಯನ್ನು ತೊಳೆದು ತಂದು, ತಾಯಿಯ ಪಕ್ಕ ಕೂತು, "ದಮ್ಮು ಮೊದ್ಲಿಂದ್ಲೂ ಇತ್ತು ಕಣವ್ವಾ. ಧೂಳಿಂದು ಅದು. ನೀನ್ ಸುಮ್ನಿರು" ಎಂದಳು.

ಭಾವಮೈದನಿಗೆ ಅಷ್ಟರಲ್ಲಿ ಧೈರ್ಯ ಬಂದಿತ್ತು. "ನೋಡುದ್ರಾ ಭಾವ? ನನ್ ಮ್ಯಾಲೆ ಹಾಕಕ್ ಬಂದ್ರಲ್ಲ!"

"ಹೂವು ಅವರದು, ಒಪ್ಪಿದೆ" ಎಂದೆ. "ಅಕ್ಷತೆ ನಿನ್ನದೇ. ಕುಂಕುಮವೂ ನಿನ್ನದೇ. ಕೊಳವೆಗೆ ಬಿರಡೆ ಜಡಿದದ್ದು ಅಕ್ಕಿ, ಹೂವಲ್ಲ."

ಅದು ಸತ್ಯ. ಇಂದಿಗೂ ನನ್ನ ಅಭಿಪ್ರಾಯ ಅದೇ.

ಅಂದು ಸಂಜೆ ನಾವು ಹೊರಟಾಗ ಅತ್ತೆಯವರು ಅಂಗಳದವರೆಗೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ. ಕಾರಿನ ಮುಂದೆ ಬಂದು, ಗಾಜಿನ ಬುಡದ ಹತ್ತಿರ ಒಮ್ಮೆ ಕೈ ಎತ್ತಿದವರು, ಅದನ್ನು ಹಾಗೆಯೇ ಸೆರಗಿನೊಳಗೆ ಎಳೆದುಕೊಂಡರು. ನಾನು ಡಿಕ್ಕಿಗೆ ಎಳನೀರು ತುಂಬುವುದನ್ನು ಬಿಟ್ಟು ನೋಡುತ್ತಿದ್ದೆ. ಇಷ್ಟು ವರ್ಷ ನೋಡದಿದ್ದ ಜಾಗ ಅದು.

ಕಾರಿನೊಳಗೆ ತಂಪು ಚೆನ್ನಾಗಿತ್ತು. ವಾಸನೆಯಿರಲಿಲ್ಲ. ಆದರೆ ಹೆಂಡತಿ ಈ ಸಲ ನಿದ್ದೆ ಹೋಗಲಿಲ್ಲ. ಜಾವಗಲ್ಲು ದಾಟಿದ ಮೇಲೆ, "ಅವ್ವ ಇವತ್ತು ಹೂವು ಮುಡಿಸ್ಲಿಲ್ಲ" ಎಂದಳು.

ಮಾರನೆಯ ಬೆಳಿಗ್ಗೆ ಬಾನೆಟ್ ಎತ್ತಿ, ಆ ಸೀಳಿನ ಪಟ್ಟಿಯನ್ನು ಬಿಚ್ಚಿದೆ. ಕಿಟಕಿಗೆ ಬಡಿಯುವ ಸೊಳ್ಳೆಜಾಲರಿಯನ್ನು ಅದರ ಅಳತೆಗೆ ಕತ್ತರಿಸಿ, ಅಂಚುಗಳನ್ನು ಮಡಿಸಿ, ಪಟ್ಟಿಯಿಂದ ಬೆರಳಿನಷ್ಟು ಕೆಳಗೆ, ಹೂವಿನ ತೊಟ್ಟು ನಿಲ್ಲುವಷ್ಟು ಜಾಗ ಬಿಟ್ಟು, ಕೂರಿಸಿದೆ. ತಂತಿ ತುಕ್ಕು ಹಿಡಿಯದಂತೆ ಅದಕ್ಕೂ ಕಪ್ಪನ್ನು ತೆಳುವಾಗಿ ಹಾಯಿಸಿದೆ. ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ಮುಂದಿನ ವಾರ, ಅಂದೂ ಹರಾಜಿರಲಿಲ್ಲ, ಮತ್ತೆ ಹೋದೆವು. ಹೊರಡುವಾಗ ನಾನೇ ಅತ್ತೆಯವರ ಮುಂದೆ ನಿಂತು, "ಹೂವು ಮುಡಿಸಿ" ಎಂದೆ.

"ಬ್ಯಾಡ ಕಣಪ್ಪಾ. ಮತ್ತೆ ಕೆಟ್ಟೋದ್ರೆ?"

"ಕೆಡುವುದಿಲ್ಲ. ಕೆಳಗೆ ಜಾಲರಿ ಹಾಕಿದ್ದೇನೆ. ಮನೆ ತಲುಪಿದ ಕೂಡಲೇ ನಾನೇ ತೆಗೆಯುತ್ತೇನೆ."

ಅವರು ಬಗ್ಗಿ, ಒಂದು ಕಣ್ಣಿನಿಂದ ಸೀಳಿನೊಳಗೆ ಬಹಳ ಹೊತ್ತು ಇಣುಕಿ ನೋಡಿದರು. ಆಮೇಲೆ ಮಡಿಲಿನಿಂದ ಸೇವಂತಿಗೆ ತೆಗೆದು, ಮಗಳ ಜಡೆಗೆ ಮುಡಿಸುವ ಹಾಗೆಯೇ, ತೊಟ್ಟು ಸೀಳಿಗಿಳಿಸಿ, ಬೆರಳಿನಿಂದ ಒಮ್ಮೆ ಒತ್ತಿದರು. ಹೂವು ನಿಂತಿತು.

ಜಗಲಿಯ ಮೇಲಿನಿಂದ ಭಾವಮೈದ ಬಿಡಬೇಕಲ್ಲ! "ಏನ್ ಭಾವ, ಕಾರಿಗೂ ಸೊಳ್ಳೆಪರ್ದೆ ಕಟ್ಟಿದ್ರಾ? ಮಲೇರಿಯಾ ಬಂದಿತ್ತಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಕಿಟಕಿಯಿಳಿಸಿ, "ನಿನ್ ಹರಾಜು ಯಾವತ್ತಾದ್ರೂ ಇಟ್ಕೊಳ್ಲಾ. ನಾನ್ ಶುಕ್ರವಾರ ಬತ್ತೀನಿ ಅಂತ ಅವ್ವಂಗೆ ಹೇಳಿದ್ದೀನಿ" ಎಂದು, ಕಿಟಕಿಯನ್ನು ಮರಳಿ ಏರಿಸಿದಳು.

ಅಂದು ಅರಸೀಕೆರೆಗೆ ಬಂದಾಗ ಸೇವಂತಿಗೆ ಇನ್ನೂ ಬಾಡಿರಲಿಲ್ಲ. ಮನೆಯ ಬಾಗಿಲು ತೆರೆಯುವ ಮೊದಲೇ ಹೂಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆದು ಹೆಂಡತಿಯ ಅಂಗೈಗೆ ಕೊಟ್ಟೆ. ಜಾಲರಿಯ ಮೇಲೆ ಕೆಲವು ಅಕ್ಕಿಕಾಳುಗಳೂ ಇದ್ದವು. ಅಂದು ಹಬ್ಬವೇನೂ ಇರಲಿಲ್ಲ. ಭಾವಮೈದ ಜಗಲಿಯಿಂದ ಇಳಿಯದಿದ್ದರೇನಂತೆ, ಯಾರ ಕೈ ಎಂಬುದು ನನಗೆ ಗೊತ್ತು.